ಎರಡು ಡಿಗ್ರಿ ಮುಂದೆ

ನನ್ನ ಮೂವತ್ತೆರಡನೆಯ ಕಾದಂಬರಿಯ ಕೊನೆಯ ಹನ್ನೊಂದು ಪುಟಗಳು ಬೆಳ್ಳಗಾಗಿವೆ ಎಂಬ ಸುದ್ದಿಯನ್ನು ವಾಚನಾಲಯದ ಪುಟ್ಟಸ್ವಾಮಯ್ಯನವರು ತಂದಾಗ ನಾನು ಕಾಲೇಜಿನ ಟೈಪಿಂಗ್ ಕೋಣೆಯಲ್ಲಿ ಹಾಜರಾತಿ ಕಡಿಮೆಯಿದ್ದವರ ಪಟ್ಟಿ ಹೊಡೆಯುತ್ತಿದ್ದೆ. ಅವರು ಪುಸ್ತಕವನ್ನು ಟೈಪ್‌ರೈಟರಿನ ಪಕ್ಕ ಬಿಡಿಸಿಟ್ಟರು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ನಾಯಕ ಆಸ್ಪತ್ರೆಯ ಕಿಟಕಿಯಿಂದ ಹಾರಿ ಬಂದು ವಾಲಿಬಾಲ್ ಫೈನಲ್ಲಿನ ಕೊನೆಯ ಸರ್ವ್ ಮಾಡುವುದು, ಅದೇ ಹೊತ್ತಿಗೆ ಅವನ ತಾಯಿಗೆ ಪ್ರಜ್ಞೆ ಮರಳುವುದು, ನಾಯಕಿಯ ಅಪ್ಪನಾದ ಪ್ರಿನ್ಸಿಪಾಲರು ಅಂಕಣದ ನಡುವೆಯೇ ಮಗಳ ಕೈಯನ್ನು ತಂದು ಆ ಪ್ಲಾಸ್ಟರಿನ ಮೇಲಿಡುವುದು, ಒಂದೂ ಉಳಿದಿರಲಿಲ್ಲ. ಪುಟದ ಸಂಖ್ಯೆಗಳು ಮಾತ್ರ ಇದ್ದವು.

"ಮೂರನೇ ಓದುಗರಿಗೇ ಹೋಗ್ಬಿಡ್ತು ಮೇಡಂ," ಎಂದರು ಪುಟ್ಟಸ್ವಾಮಯ್ಯ. "ಹಿಂದಿನದು ಒಂಬತ್ತು ಜನರ ತನಕ ತಡ್ಕೊಂಡಿತ್ತು. ಸ್ವಲ್ಪ ನೋಡಿ ಬರೀರಿ." ಊರಿಗೆ ಇರುವುದು ಒಂದೇ ವಾಚನಾಲಯ, ಅದರ ಹಿಂಬದಿಗೆ ಒಂದೇ ಮುದ್ರಣಾಲಯ, ಎರಡಕ್ಕೂ ಅವರೇ ಯಜಮಾನರು. ಹಾಗಾಗಿ ನನ್ನ ಪ್ರಕಾಶಕರೂ ಅವರೇ, ವಿಮರ್ಶಕರೂ ಅವರೇ.

ನಮ್ಮೂರಿನಲ್ಲಿ ಓದುವವರು ನಂಬದ ಸಾಲು ಹಾಳೆಯ ಮೇಲೆ ನಿಲ್ಲುವುದಿಲ್ಲ. ಶಾಯಿಯಾಗಲಿ, ಅಚ್ಚಾಗಲಿ, ಪೆನ್ಸಿಲ್ಲಾಗಲಿ, ಕಣ್ಣೆದುರಿಗೇ ಮಾಸಿಹೋಗುತ್ತದೆ. ಇದಕ್ಕೆ ನಾವು ಯಾವತ್ತೋ ಹೊಂದಿಕೊಂಡಿದ್ದೇವೆ. ಮನೆಗೆ ಪತ್ರಿಕೆ ಬಂದರೆ ಎಲ್ಲವನ್ನೂ ನಂಬುವ ಅಜ್ಜಿ ಮೊದಲು ಓದುತ್ತಾರೆ, ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತರಾದ ತಾತ ಕೊನೆಗೆ. ಮದುವೆಯ ಕರೆಯೋಲೆಯಲ್ಲಿ ಹುಡುಗನ ಗುಣಗಾನ ಬಿಟ್ಟು ದಿನ, ಜಾಗ, ಊಟದ ಹೊತ್ತು ಇಷ್ಟನ್ನೇ ಹಾಕಿಸುತ್ತಾರೆ. ಚುನಾವಣೆಯ ಕಾಲಕ್ಕೆ ಹಂಚುವ ಕರಪತ್ರಗಳನ್ನು ತಾಯಂದಿರು ಜೋಪಾನವಾಗಿ ಎತ್ತಿಡುತ್ತಾರೆ. ವರ್ಷವಿಡೀ ಮಕ್ಕಳ ಲೆಕ್ಕದ ಅಭ್ಯಾಸಕ್ಕೆ ಆಗುತ್ತದೆ. ವಾಚನಾಲಯದಲ್ಲಿ ಎರಡು ಪಟ್ಟಿಗಳಿವೆ, ನಂಬುವವರದೊಂದು, ಅನುಮಾನದವರದೊಂದು. ಹೊಸ ಪುಸ್ತಕ ಮೊದಲನೆಯ ಪಟ್ಟಿಯನ್ನು ಮುಗಿಸಿಕೊಂಡೇ ಎರಡನೆಯದಕ್ಕೆ ಹೋಗಬೇಕು. ಮುದ್ರಣಾಲಯದಲ್ಲಿ ಕರಡು ತಿದ್ದುವವರು ಪುಟವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ, ಅರ್ಥ ತಲೆಗೆ ಹತ್ತಬಾರದಲ್ಲ. ನಾನಂತೂ ಬರೆದದ್ದನ್ನು ತಿರುಗಿ ಓದುವುದೇ ಇಲ್ಲ. ಬರೆಯುವ ಹೊತ್ತಿಗೆ ಎಲ್ಲವೂ ನಿಜವೆನಿಸುತ್ತದೆ, ಬೆಳಿಗ್ಗೆ ಕಾಫಿ ಕುಡಿದು ನೋಡಿದರೆ ಅರ್ಧ ಪುಟ ಇರುವುದಿಲ್ಲ.

ನಾನು ಬರೆಯುವುದು ಕಾಲೇಜು ಆಟಗಾರರ ಪ್ರೇಮಕಥೆ. ನಾನೇ ಆಡಿದ ಆಟವೆಂದರೆ ಚೌಕಾಬಾರ ಒಂದೇ. ಆದರೆ ಮೂವತ್ತು ವರ್ಷ ಅಂತರ ಕಾಲೇಜು ಪಂದ್ಯಗಳ ವೇಳಾಪಟ್ಟಿ ಟೈಪು ಮಾಡಿದ್ದೇನೆ. ಕಿಟಕಿಯಾಚೆ ಮೈದಾನ ಕಾಣುತ್ತದೆ. ಹುಡುಗರು ಆಡುತ್ತಾರೆ, ಹುಡುಗಿಯರು ನೋಡುತ್ತಾರೆ, ಹುಡುಗಿಯರು ಆಡುತ್ತಾರೆ, ಹುಡುಗರು ನೋಡದ ಹಾಗೆ ನೋಡುತ್ತಾರೆ. ಇದಕ್ಕಿಂತ ಹೆಚ್ಚು ಏನು ಬೇಕು? ಉಳಿದದ್ದು ಕೈಚಳಕ. ನೂರನೆಯ ಪುಟಕ್ಕೆ ಒಂದು ಮೂಳೆ ಮುರಿಯಬೇಕು, ನೂರೈವತ್ತಕ್ಕೆ ಒಂದು ಅಪಾರ್ಥವಾಗಬೇಕು, ಕೊನೆಗೆ ಫೈನಲ್ ಪಂದ್ಯ, ಕಣ್ಣೀರು, ಹಾರ. ಮದುವೆಯಾಗದೆ ಐವತ್ತನಾಲ್ಕು ದಾಟಿದ ಹೆಂಗಸು ಪ್ರೇಮದ ಬಗ್ಗೆ ಏನು ಬರೆಯುತ್ತಾಳೆ ಎಂದು ಯಾರಾದರೂ ಕೇಳಿದರೆ, ಅಡುಗೆಯವರು ಊಟ ಮಾಡುವುದು ಕೊನೆಗೆ ಅಲ್ಲವೇ ಎನ್ನುತ್ತೇನೆ.

ಆ ಹನ್ನೊಂದು ಪುಟದ ಸಿಟ್ಟು ಇನ್ನೂ ಆರಿರಲಿಲ್ಲ, ಅದೇ ವಾರ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಸಾಕಮ್ಮ ಬಂದರು. ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು, ಗಂಟೆ ಹೊಡೆಯುವ ತನಕ ಹೊರಗೇ ನಿಂತಿದ್ದರು.

"ಮೇಡಮ್ಮೋರೆ, ಒಂದ್ ಮಾತು ಕೇಳ್ಬೇಕಿತ್ತು. ಬೈಕೋಬಾರ್ದು."

"ಹೇಳಿ ಸಾಕಮ್ಮ. ನಾಗವೇಣಿ ಹೇಗಿದಾಳೆ?"

ಸಾಕಮ್ಮನ ಮಗಳು ನಾಗವೇಣಿ ಯಾರಿಗೆ ಗೊತ್ತಿಲ್ಲ? ನಮ್ಮ ಖೋ-ಖೋ ತಂಡದ ಕ್ಯಾಪ್ಟನ್. ಫೈನಲ್ ಪಂದ್ಯದಲ್ಲಿ ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗಿ ಕಂಬ ಸುತ್ತುವಾಗ ಬಿದ್ದು ಮೊಣಕಾಲು ತಿರುಚಿಕೊಂಡಿದ್ದಳು. ಆಪರೇಷನ್ ಆಗಿ, ಪ್ಲಾಸ್ಟರ್ ಬಿಚ್ಚಿದ್ದೂ ಆಗಿತ್ತು. ಆದರೆ ಮೊಣಕಾಲು ನಲವತ್ತು ಡಿಗ್ರಿಗಿಂತ ಹೆಚ್ಚು ಬಗ್ಗುತ್ತಿರಲಿಲ್ಲ. ದಿನವೂ ನೋವು ತಿಂದು ಬಗ್ಗಿಸಬೇಕು, ಹನ್ನೆರಡು ವಾರದೊಳಗೆ ತೊಂಬತ್ತು ದಾಟಬೇಕು, ಇಲ್ಲವಾದರೆ ಹೇಗಿದೆಯೋ ಹಾಗೇ ಬಿಗಿದುಕೊಳ್ಳುತ್ತದೆ, ಆಮೇಲೆ ಮೆಟ್ಟಿಲು ಹತ್ತುವುದೂ ಬಸ್ಸಿನಲ್ಲಿ ಕೂರುವುದೂ ಜೀವನಪೂರ್ತಿ ಕಷ್ಟ ಎಂದು ಡಾಕ್ಟರು ಹೇಳಿದ್ದರಂತೆ.

"ವ್ಯಾಯಾಮ ಬರ್ದುಕೊಟ್ಟ ಚೀಟಿ ಇವಳ ಕೈಗೆ ಹೋಗಿದ್ದೇ ತಡ, ಬೆಳ್ಳಗಾಗೋಯ್ತು. ಮೂರು ಸಲ ಬರ್ಸಿದೆ. ಮೂರು ಸಲಾನೂ ಅಷ್ಟೇ. ಬಾಯಲ್ಲಿ ಹೇಳಿದ್ರೆ ಗೋಡೆ ಕಡೆ ತಿರುಗಿ ಮಲಗ್ತಾಳೆ. ಇಡೀ ದಿನ ನಿಮ್ ಪುಸ್ತಕಾನೇ ಓದೋದು."

ನನಗೆ ಒಳಗೊಳಗೇ ಖುಷಿಯಾಯಿತು ಎಂದು ನಾಚಿಕೆಯಿಂದಲೇ ಹೇಳುತ್ತೇನೆ. ಸಾಕಮ್ಮ ಟವೆಲು ಬಿಚ್ಚಿ ಪುಸ್ತಕ ಕೊಟ್ಟರು. ನೂರ ಎಂಬತ್ತು ಪುಟದ ಕಾದಂಬರಿ, 'ಬಲೆಯಾಚೆ ನಿಂತವಳು'. ತಿರುವಿದರೆ ಬರೀ ಬಿಳಿ. ಹದಿನಾಲ್ಕನೆಯ ಪುಟದಲ್ಲಿ 'ಕಾಲುಚೀಲ ಇನ್ನೂ ಒಣಗಿರಲಿಲ್ಲ' ಎಂದಿತ್ತು. ಅರವತ್ತೆರಡರಲ್ಲಿ 'ಮೂರೂವರೆಯ ಬಸ್ಸು ನಾಲ್ಕಕ್ಕೆ ಬಂತು' ಎಂದಿತ್ತು. ಕೊನೆಯ ಕಡೆ ಎಲ್ಲೋ ಒಂದು ತಣ್ಣಗಾದ ಉಪ್ಪಿಟ್ಟು. ನನ್ನ ನಾಲ್ಕು ತಿಂಗಳ ದುಡಿಮೆಯಲ್ಲಿ ಆ ಹುಡುಗಿ ನಂಬಿದ್ದು ಇಷ್ಟನ್ನು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

"ನೀವು ಅವಳಿಗೇ ಅಂತ ಒಂದು ಬರೀರಿ ಮೇಡಮ್ಮೋರೆ. ಕಾಲು ಪೆಟ್ಟಾದ ಹುಡ್ಗಿ ಎದ್ದು ನಡೆಯೋದು. ನಿಲ್ಲೋ ಅಂಥದ್ದು." ಸಾಕಮ್ಮ ಅಳಲಿಲ್ಲ. ಟವೆಲನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಡಿಚಿದರು.

ಅವತ್ತೇ ಕೂತು ಮೊದಲ ಅಧ್ಯಾಯ ಬರೆದೆ. ನಾಯಕಿಗೆ ಮಾಲಿನಿ ಎಂದು ಹೆಸರಿಟ್ಟೆ. ಕಾಲಿಗೆ ಪೆಟ್ಟಾಗಿ ಮಲಗಿದ್ದಾಳೆ, ಮಾತು ಬಿಟ್ಟಿದ್ದಾಳೆ. ಒಂದು ಸಂಜೆ ನಾಯಕ ಬಂದು ಅವಳ ಪಾದ ಮುಟ್ಟುತ್ತಾನೆ, ಅವನ ಕಣ್ಣೀರು ಅವಳ ಮೊಣಕಾಲಿನ ಮೇಲೆ ಬೀಳುತ್ತದೆ, ಅಲ್ಲಿಂದ ಮೂರನೆಯ ವಾರಕ್ಕೆ ಮೈದಾನ. ಮರುದಿನ ಸಾಕಮ್ಮ ಹಾಳೆಗಳನ್ನು ವಾಪಸು ತಂದರು. ಹನ್ನೆರಡು ಹಾಳೆಯೂ ಬೆಳ್ಳಗಿದ್ದವು, ಇಂಗಿನ ವಾಸನೆ ಬರುತ್ತಿತ್ತು.

ನನ್ನ ಸ್ವಭಾವ ಸ್ವಲ್ಪ ಜಗಳಗಂಟಿ. ಮೂವತ್ತೆರಡು ಕಾದಂಬರಿ ಬರೆದವಳನ್ನು ಇಪ್ಪತ್ತರ ಹುಡುಗಿ ಹೀಗೆ ಒರೆಸಿ ಹಾಕಿದಳಲ್ಲ ಎಂದು ಕೇಳುವುದಕ್ಕೇ ಅವರ ಮನೆಗೆ ಹೋದೆ. ಹಾಸ್ಟೆಲಿನ ಹಿಂದೆ ಎರಡು ಕೋಣೆಯ ಮನೆ. ನಾಗವೇಣಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಮೈದಾನದಲ್ಲಿ ಮಿಂಚಿನಂತೆ ಕಾಣುತ್ತಿದ್ದವಳು ಇಷ್ಟು ಸಣ್ಣಗಿದ್ದಳೇ ಎನಿಸಿತು.

"ಏನಮ್ಮ, ನನ್ನ ಒಂದು ಸಾಲೂ ನಿನಗೆ ಹಿಡಿಸಲಿಲ್ವಾ?"

"ಹಿಡಿಸತ್ತೆ ಮೇಡಂ. ನಂಬೋಕಾಗಲ್ಲ ಅಷ್ಟೇ." ಮುಖ ಗಂಟು ಹಾಕಿಕೊಂಡೇ ಮಾತಾಡಿದಳು. "ನಿಮ್ ಪುಸ್ತಕದಲ್ಲಿ ಕಾಲು ಮುರ್ಕೊಂಡೋಳು ಮುಡಿಯಲ್ಲಿ ಮಲ್ಲಿಗೆ ಇಟ್ಕೊಂಡೇ ಮಲಗಿರ್ತಾಳೆ. ಅವಳಿಗೆ ಸ್ನಾನ ಯಾರು ಮಾಡಿಸ್ತಾರೆ? ಬೆಡ್‌ಪ್ಯಾನ್ ಯಾರು ತೆಗೀತಾರೆ? ಒಂದು ಸಲಾನೂ ಬರ್ದಿಲ್ಲ ನೀವು. ಆಮೇಲೆ ಆಟ ಆಡ್ತಾ ಆಡ್ತಾ ಹುಡುಗನ ಮುಖ ನೋಡ್ತಾಳೆ. ಖೋ-ಖೋದಲ್ಲಿ ಬೆನ್ನಿಗೆ ಕೈ ಬಿದ್ದು 'ಖೋ' ಅಂದ ಮೇಲೆ ಏಳೋದೊಂದೇ ಗೊತ್ತಿರತ್ತೆ. ಮುಂದೆ ಓಡ್ತಿರೋಳ ಸೊಂಟ ಕಾಣತ್ತೆ, ಕಂಬ ಕಾಣತ್ತೆ. ಇನ್ನೇನೂ ಇರಲ್ಲ."

"ಮತ್ತೆ ಯಾಕೆ ಓದ್ತೀಯ?"

"ಎಲ್ಲಾದ್ರೂ ಒಂದು ಸಾಲು ನಿಂತ್ಕೊಳತ್ತೇನೋ ಅಂತ."

ಜಗಳಕ್ಕೆ ಹೋದವಳು ಕಾಫಿ ಕುಡಿದು ಬಂದೆ. ಆಮೇಲೆ ಸಾಕಮ್ಮನನ್ನು ಕೂರಿಸಿಕೊಂಡು ಕೇಳಬಾರದ್ದನ್ನೆಲ್ಲ ಕೇಳಿದೆ. ಬಚ್ಚಲಿಗೆ ಹೇಗೆ ಕರೆದುಕೊಂಡು ಹೋಗುತ್ತೀರಿ, ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತಾಳೆ, ನೋವು ಬಂದಾಗ ಏನನ್ನುತ್ತಾಳೆ. ಎರಡನೆಯ ಸಲ ಬರೆದದ್ದು ನಾಲ್ಕೇ ಹಾಳೆ. ಮಾಲಿನಿಯ ಅಮ್ಮ ಬಿಸಿನೀರು ಹೊರುವುದು, ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ ಕಾಲನ್ನು ಬಕೆಟ್ಟಿನ ಅಂಚಿಗೆ ಇಡುವುದು, ಸೋಪು ಕಣ್ಣಿಗೆ ಹೋಗಿ ಇಬ್ಬರೂ ಬೈದಾಡುವುದು. ಕಥೆಯೇ ಇಲ್ಲ. ಮಲ್ಲಿಗೆಯೂ ಇಲ್ಲ. ಹಾಳೆಗಳು ವಾಪಸು ಬಂದಾಗ ಒಂದಕ್ಷರವೂ ಮಾಸಿರಲಿಲ್ಲ. ನಾನು ಅವುಗಳ ಮೇಲೆ ಅಂಗೈ ಇಟ್ಟುಕೊಂಡು ಕೂತುಬಿಟ್ಟೆ. ಪ್ರಶಸ್ತಿ ಬಂದರೂ ಅಷ್ಟು ಸಂತೋಷವಾಗುತ್ತಿರಲಿಲ್ಲ, ಬಂದಿಲ್ಲ ಆ ಮಾತು ಬೇರೆ.

ಸ್ನಾನವನ್ನು ನಂಬಿದಳು ಸರಿ, ಮೊಣಕಾಲು? ಮುಂದಿನ ಅಧ್ಯಾಯದಲ್ಲಿ 'ಮಾಲಿನಿ ಹಿಮ್ಮಡಿಯ ಕೆಳಗೆ ಟವೆಲು ಹಾಕಿ ಎಳೆದಳು, ನಲವತ್ತೈದು ಡಿಗ್ರಿ ಬಗ್ಗಿತು' ಎಂದು ಬರೆದೆ. ಟವೆಲು ಉಳಿಯಿತು, ನಲವತ್ತೈದು ಹೋಯಿತು. ನಾಗವೇಣಿಯ ಕಾಲು ಇದ್ದದ್ದು ನಲವತ್ತರಲ್ಲಿ. ಅದನ್ನೇ ತಿರುಗಿ ಬರೆದು ನಲವತ್ತೆರಡು ಎಂದೆ. ಅದು ನಿಂತಿತು. ಆ ಸಂಜೆ ಮಗಳು ತಾನಾಗಿಯೇ ಟವೆಲು ಕೇಳಿದಳು ಎಂದು ಸಾಕಮ್ಮ ಮರುದಿನ ಓಡೋಡಿ ಬಂದು ಹೇಳಿದರು. "ಆ ಮಾಲಿನಿ ಮಾಡಿದ್ರೆ ನಾನೂ ಮಾಡ್ತೀನಿ ಬಿಡು ಅಂದ್ಲು. ಅತ್ಕೊಂಡೇ ಮಾಡಿದ್ಲು. ನಲವತ್ತೆರಡು!"

ಹೀಗೆ ನನಗೆ ನನ್ನ ಕಸುಬಿನ ಅಳತೆ ಸಿಕ್ಕಿತು. ಎರಡು ಡಿಗ್ರಿ ನಿಲ್ಲುತ್ತದೆ, ಐದು ಮಾಸುತ್ತದೆ. ಮಾಲಿನಿ ಯಾವಾಗಲೂ ನಾಗವೇಣಿಗಿಂತ ಎರಡು ಡಿಗ್ರಿ ಮುಂದಿರಬೇಕು, ಹೆಚ್ಚಲ್ಲ. ಶಾಲೆಯ ಕೋನಮಾಪಕ ಸಣ್ಣದಾಯಿತೆಂದು ಸಾಕಮ್ಮ ರಟ್ಟಿನ ಪೆಟ್ಟಿಗೆ ಕತ್ತರಿಸಿ ಮುಷ್ಟಿ ಗಾತ್ರದ ಅಂಕೆಗಳನ್ನು ಬರೆದು ದೊಡ್ಡದೊಂದನ್ನು ಮಾಡಿಕೊಂಡರು. ಸೋಮವಾರ, ಬುಧವಾರ, ಶುಕ್ರವಾರ ನನ್ನಿಂದ ಅಧ್ಯಾಯ ಹೋಗುತ್ತಿತ್ತು, ಮರುದಿನ ಅಳತೆ ಬರುತ್ತಿತ್ತು. ಮಾಲಿನಿಗೆ ಒಂದು ದಿನ ಜ್ವರ ಬರಿಸಿದೆ, ಒಂದು ದಿನ ಅಮ್ಮನ ಮೇಲೆ ತಟ್ಟೆ ಎಸೆಯಿಸಿದೆ, ಒಂದು ದಿನ ಏನೂ ಮಾಡದೆ ಕಿಟಕಿಯ ಹೊರಗೆ ನೋಡುತ್ತ ಕೂರಿಸಿದೆ. ಎಲ್ಲವೂ ನಿಂತವು. ಐವತ್ತು ದಾಟಿತು, ಅರವತ್ತೆಂಟಾಯಿತು, ಎಂಟನೆಯ ವಾರಕ್ಕೆ ಎಂಬತ್ತೆಂಟು.

ಪುಟ್ಟಸ್ವಾಮಯ್ಯನವರಿಗೆ ಮಾತ್ರ ಚಿಂತೆ. ಮೂವತ್ತಮೂರನೆಯದು ಎಲ್ಲಿ ಎಂದು ಕೇಳಲು ಬಂದವರಿಗೆ ಕಥೆ ಹೇಳಿದೆ. "ಹೀರೋನೇ ಇಲ್ವಾ?" ಎಂದರು. "ಹೆಣ್ಣು ನೋಡೋಕೆ ಅಂತ ಕರೆಸಿ, ಹೆಣ್ಣನ್ನ ತೋರಿಸ್ದೆ ಬರೀ ಉಪ್ಪಿಟ್ಟು ಕೊಟ್ಟು ಕಳಿಸ್ದಂಗೆ ಆಯ್ತಲ್ಲ ಮೇಡಂ." ನಾನು ನಕ್ಕೆ. ಆದರೆ ಅವರು ಹೋದ ಮೇಲೆ ಆ ಮಾತು ಕೊರೆಯತೊಡಗಿತು.

ಯಾಕೆಂದರೆ ಎಂಬತ್ತೆಂಟರಿಂದ ಮುಂದೆ ಕಾಲು ಕದಲಿರಲಿಲ್ಲ. ಮಾಲಿನಿಯದು 'ತೊಂಬತ್ತು' ಎಂದು ಬರೆದದ್ದು ಮೂರು ಸಲವೂ ಮಾಸಿತು. ಎಂಬತ್ತೊಂಬತ್ತೆಂದರೂ ಮಾಸಿತು. ಟವೆಲು, ನೋವು, ಬೈಗುಳ ಏನು ಬರೆದರೂ ನಾಗವೇಣಿ ಒಂದು ಸಲ ಎಳೆದು ಬಿಟ್ಟುಬಿಡುತ್ತಿದ್ದಳಂತೆ. ರಟ್ಟಿನ ಕೋನಮಾಪಕದ ಮೇಲೆ ಎಂಬತ್ತೆಂಟರ ಮುಂದಿನ ಅಂಕೆಗಳೂ ಒಂದೊಂದಾಗಿ ಹೋದವು ಎಂದು ಸಾಕಮ್ಮ ಹೇಳಿದರು. ಹತ್ತು ವಾರ ಮುಗಿದಿತ್ತು. ಉಳಿದದ್ದು ಎರಡು.

ಹೆದರುತ್ತಲೇ ಒಂದು ಅಧ್ಯಾಯದ ಕೊನೆಗೆ ಒಂದು ಪುಟ್ಟ ಸಾಲು ಸೇರಿಸಿದೆ: 'ಅಂದು ಸಂಜೆ ಅವನು ಬಂದ.' ಹೆಸರಿಲ್ಲ, ಕಣ್ಣೀರಿಲ್ಲ, ಏನೂ ಇಲ್ಲ. ಆ ಹಾಳೆ ವಾಪಸು ಬಂದಾಗ ಉಳಿದೆಲ್ಲವೂ ಇತ್ತು, ಆ ಸಾಲಿನ ಜಾಗ ಮಾತ್ರ ಖಾಲಿ. ಖಾಲಿ ಜಾಗದ ಸುತ್ತ ಕಾಗದ ಸ್ವಲ್ಪ ಉಬ್ಬಿತ್ತು, ಒದ್ದೆಯಾಗಿ ಒಣಗಿದ ಹಾಗೆ.

"ಯಾರು ಸಾಕಮ್ಮ ಅವನು?" ಎಂದು ನೇರವಾಗಿಯೇ ಕೇಳಿದೆ.

"ಎಂಟುನೂರು ಮೀಟರ್ ಓಡ್ತಾನಲ್ಲ, ದಿವಾಕರ. ಮೂರು ವರ್ಷದ ಸ್ನೇಹ. ಇವಳು ಬಿದ್ದ ದಿನದಿಂದ ಮನೆಗೆ ಬಂದಿಲ್ಲ. ದಿನಾ ಸಾಯಂಕಾಲ ಬೀದಿ ಮೂಲೆ ತನಕ ಬರ್ತಾನೆ, ಬೇಲಿ ಹತ್ರ ನಿಲ್ತಾನೆ, ತಿರುಗಿ ಹೋಗ್ತಾನೆ. ಅವಳ ಮಂಚದಿಂದ ಕಾಣಲ್ಲ. ಹೇಳಿದ್ರೆ ಸುಳ್ಳು ಅಂತಾಳೆ."

"ನೀವು ಕರೀಬಾರ್ದಾ?"

"ಕರೆದ್ರೆ ಓಡ್ತಾನೆ ಮೇಡಮ್ಮೋರೆ. ಅವನು ಓಡಿದ್ರೆ ನಾನು ಹಿಡಿಯೋಕಾಗುತ್ತಾ?"

ಓಡುವವರನ್ನು ಹಿಡಿಯುವುದು ಕಚೇರಿಯವರಿಗೆ ಗೊತ್ತು. ಹಾಜರಾತಿ ಕೊರತೆಯ ಪಟ್ಟಿಯಲ್ಲಿ ಅವನ ಹೆಸರಿತ್ತು; ಟೈಪಿಂಗ್ ಕೋಣೆಗೆ ಬಂದು ಸಹಿ ಮಾಡತಕ್ಕದ್ದು ಎಂದು ನೋಟಿಸು ಅಂಟಿಸಿದೆ. ಮಧ್ಯಾಹ್ನಕ್ಕೇ ಬಂದ. ಉದ್ದ ಕಾಲಿನ, ಕುತ್ತಿಗೆ ಬಗ್ಗಿಸಿ ನಡೆಯುವ ಹುಡುಗ. ನಾಗವೇಣಿಯ ಹೆಸರೆತ್ತಿದ ಕೂಡಲೇ ಕುರ್ಚಿಯ ಬೆನ್ನು ಹಿಡಿದುಕೊಂಡ.

"ಅವಳು ಬಿದ್ದಿದ್ದು ನನ್ನಿಂದ ಮೇಡಂ," ಎಂದ. "ಕಂಬದ ಹತ್ರ ತಿರುಗೋವಾಗ ನಾನು ಹೆಸರು ಹಿಡಿದು ಕೂಗಿದೆ. ಜೋರಾಗಿ. ಅವಳು ನನ್ನ ಕಡೆ ತಿರುಗಿದಳು. ಅದಕ್ಕೇ ಕಾಲು ಸಿಕ್ಕಾಕ್ಕೊಳ್ತು."

"ಮೈದಾನದಲ್ಲಿ ಎರಡು ಸಾವಿರ ಜನ ಕೂಗ್ತಿದ್ರಲ್ಲಪ್ಪ. ನಿನ್ನದೇ ಹೇಗೆ ಕೇಳಿಸತ್ತೆ?"

ಅವನು ಚೀಲದಿಂದ ಒಂದು ಪುಸ್ತಕ ತೆಗೆದ. ನನ್ನದೇ, ಇಪ್ಪತ್ತೇಳನೆಯದು. ಮೂಲೆ ಮಡಿಚಿದ ಪುಟ ತಾನಾಗಿಯೇ ಬಿಚ್ಚಿಕೊಂಡಿತು; ನಾನು ಓದಿದರೆ ಮಾಸೀತೆಂದೋ ಏನೋ, ನನ್ನ ಕೈಗೆ ಕೊಡದೆ ದೂರದಲ್ಲೇ ಹಿಡಿದು ತಾನೇ ಓದಿದ. 'ಸಾವಿರ ಕಂಠಗಳ ನಡುವೆ ಅವಳಿಗೆ ಕೇಳಿಸಿದ್ದು ಅವನ ದನಿಯೊಂದೇ. ಅವಳು ತಿರುಗಿದಳು.' ಇಡೀ ಪುಸ್ತಕದಲ್ಲಿ ಒಂದು ಅಲ್ಪವಿರಾಮವೂ ಮಾಸಿರಲಿಲ್ಲ. ಆ ಸಾಲಂತೂ ದೂರಕ್ಕೂ ಇವತ್ತೇ ಅಚ್ಚಾದಷ್ಟು ಕಪ್ಪಗೆ ಕಾಣುತ್ತಿತ್ತು.

ಮಾಡಿದ್ದುಣ್ಣೋ ಮಹರಾಯ ಅನ್ನುವುದು ಬೇರೆಯವರಿಗೆ ಹೇಳಲು ಸುಲಭ. ಆ ಸಾಲು ಬರೆದ ದಿನ ನನಗೆ ನೆನಪಿದೆ. ಪುಟ ತುಂಬಿಸಲು ನಾಲ್ಕು ಸಾಲು ಬೇಕಿತ್ತು. ಎಡಗೈಯಲ್ಲಿ ಚಕ್ಕುಲಿ ಇತ್ತು. ನನ್ನನ್ನು ಯಾರೂ ಗಂಟಲು ಹರಿಯುವ ಹಾಗೆ ಹೆಸರು ಹಿಡಿದು ಕೂಗಿದವರಿಲ್ಲ, ಕೂಗಿದ್ದರೆ ಹೇಗಿರುತ್ತಿತ್ತೋ ಎಂದು ಒಂದು ಗಳಿಗೆ ಅನಿಸಿತ್ತು, ಬರೆದುಬಿಟ್ಟಿದ್ದೆ. ಬೇರೆ ಎಲ್ಲರ ಪ್ರತಿಯಲ್ಲೂ ಅದು ಎಂದೋ ಮಾಸಿದೆ. ಈ ಹುಡುಗನ ಪ್ರತಿಯಲ್ಲಿ ನಿಂತು ಅವನನ್ನು ನಾಲ್ಕು ತಿಂಗಳು ಬೇಲಿಯ ಹತ್ತಿರ ನಿಲ್ಲಿಸಿತ್ತು.

"ದಿವಾಕರ, ಅದು ಸುಳ್ಳು. ನಾನೇ ಬರೆದದ್ದು, ನಾನೇ ಹೇಳ್ತಿದೀನಿ."

"ನಿಂತಿದೆಯಲ್ಲ ಮೇಡಂ."

"ನಿಂತಿರೋದು ನೀನು ನಂಬಿದ್ದಕ್ಕೆ ಕಣಪ್ಪ. ನಿಜ ಅನ್ನೋದಕ್ಕಲ್ಲ."

ಅವನು ತಲೆಯಾಡಿಸಲಿಲ್ಲ. ನಮ್ಮೂರಿನವರೆಲ್ಲ ಮಾಡುವ ತಪ್ಪನ್ನೇ ಅವನೂ ಮಾಡಿದ್ದ. ಮಾಸಿದ್ದು ಸುಳ್ಳು, ಉಳಿದದ್ದು ನಿಜ ಎಂದುಕೊಂಡು ಬೆಳೆದವರು ನಾವು. ಪತ್ರವನ್ನಾದರೂ ಬರೆಯಬಾರದಿತ್ತೇ ಎಂದೆ. "ಬರ್ದಿದೀನಿ. ಎಂಟಿದೆ. ಕ್ಷಮಿಸು ಅಂತ ಬರ್ದಿದ್ದನ್ನ ಅವಳು ಓದಿ, ಬಿಳಿ ಹಾಳೆ ವಾಪಸ್ ಬಂದ್ರೆ ನಾನೇನು ಮಾಡ್ಲಿ?" ಅವನ ದನಿ ಒಡೆಯಿತು. ಇದನ್ನು ಕಾದಂಬರಿಯಲ್ಲಿ ಬರೆದಿದ್ದರೆ ಎರಡನೆಯ ಪಟ್ಟಿಯವರು ಒಂದೇ ನೋಟಕ್ಕೆ ಒರೆಸಿಹಾಕುತ್ತಿದ್ದರು.

"ಪತ್ರ ಬೇಡ. ಬಾ ನನ್ನ ಜೊತೆ," ಎಂದು ಟೈಪ್‌ರೈಟರಿಗೆ ಮುಸುಕು ಹಾಕಿದೆ. ದಾರಿಯುದ್ದಕ್ಕೂ ಅವನ ಅಂಗಿಯ ತೋಳು ಹಿಡಿದುಕೊಂಡೇ ನಡೆದೆ. ಬೇಲಿಯ ಹತ್ತಿರ ಒಮ್ಮೆ ನಿಂತ. ನಾನು ಬಿಡಲಿಲ್ಲ.

ಸಾಕಮ್ಮ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ಬಾಗಿಲಲ್ಲಿ ನಿಂತರು. ದಿವಾಕರ ಮಂಚದಿಂದ ದೂರ, ಗೋಡೆಗೆ ಅಂಟಿಕೊಂಡು, ಒಂದೇ ಉಸಿರಿಗೆ ಒಪ್ಪಿಸಿದ. "ನಾನು ಕೂಗಿದ್ದಕ್ಕೇ ನೀನು ತಿರುಗಿದ್ದು. ನನ್ನಿಂದಲೇ ಆಗಿದ್ದು ಇದೆಲ್ಲ. ಮುಖ ತೋರಿಸೋಕೆ ಆಗ್ಲಿಲ್ಲ."

"ನೀನು ಕೂಗಿದ್ಯಾ?" ಎಂದಳು ನಾಗವೇಣಿ.

"ಹೂಂ."

"ನಂಗೆ ಕೇಳಿಸ್ಲೇ ಇಲ್ವಲ್ಲೋ."

ಅವನು ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದ.

"ಕಂಬದ ಸುತ್ತ ಬೆಳಿಗ್ಗೆ ನೀರು ಹೊಡೆದಿದ್ರು, ಒಣಗಿರ್ಲಿಲ್ಲ. ಕಾಲು ಜಾರ್ತು. ಅಷ್ಟೇ. ನೀನು ಆ ಕಡೆ ಇದ್ದೆ ಅಂತಾನೂ ಗೊತ್ತಿರ್ಲಿಲ್ಲ ನಂಗೆ." ಅವಳ ತುಟಿ ನಡುಗಿತು. ಅಳುತ್ತಾಳೆ ಎಂದುಕೊಂಡೆ, ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಅತ್ತಳು. "ನಾಲ್ಕು ತಿಂಗಳು! ಕುಂಟಿಯಾಗ್ಬಿಟ್ಟೆ ಅಂತ ಬಿಟ್ಟುಹೋದೆ ಅಂದ್ಕೊಂಡಿದ್ದೆ ಕಣೋ ನಾನು. ದಿನಾ ಅದೇ. ಕಾಲು ಬಗ್ಗಿದ್ರೆಷ್ಟು, ಬಿಟ್ರೆಷ್ಟು ಅಂತ."

ದಿವಾಕರನ ಮುಖ ನೋಡಬೇಕಿತ್ತು. ತಪ್ಪು ತನ್ನದಲ್ಲ ಎಂಬ ನೆಮ್ಮದಿ ಒಂದು ಕಡೆ, ತನ್ನ ಕೂಗು ಅವಳಿಗೆ ಕೇಳಿಸಲೇ ಇಲ್ಲ ಎಂಬ ಪೆಟ್ಟು ಇನ್ನೊಂದು ಕಡೆ. ಪಾಪ, ಸ್ವಲ್ಪವಾದರೂ ಕೇಳಿಸಿರಬಹುದಲ್ಲವೇ ಎಂದು ಮೆಲ್ಲಗೆ ಕೇಳಿದ. "ಒಂಚೂರೂ ಇಲ್ಲ," ಎಂದಳು.

ನನ್ನ ಕಾದಂಬರಿಯಾಗಿದ್ದರೆ ಅವಳು ಮಂಚದಿಂದ ಜಿಗಿದು ಅವನ ಕಡೆ ಓಡಬೇಕಿತ್ತು. ಅವಳು ಮೂಗು ಒರೆಸಿಕೊಂಡು, "ನಿಂತಿದೀಯಲ್ಲ ಸುಮ್ನೆ, ಆ ಟವೆಲು ಕೊಡು," ಎಂದಳು. ಅವನು ಮಂಚದ ತುದಿಗೆ ಕೂತು ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದ. ಹೇಗೆ ಹಿಡಿಯಬೇಕು, ಎಲ್ಲಿ ಒತ್ತಬಾರದು ಎಂದು ಸಾಕಮ್ಮ ಹೇಳಿಕೊಟ್ಟರು. ರಟ್ಟನ್ನು ನೋಡಿ ಅವನಿಗೆ ಗೊಂದಲ. "ಇದರಲ್ಲಿ ಎಂಬತ್ತೆಂಟರ ಮುಂದೆ ಏನೂ ಇಲ್ವಲ್ಲ," ಎಂದು ಜೇಬಿನಿಂದ ಪೆನ್ನು ತೆಗೆದು ಎಂಬತ್ತೊಂಬತ್ತು, ತೊಂಬತ್ತು, ತೊಂಬತ್ತೊಂದು ಎಂದು ನೂರರವರೆಗೂ ಬರೆದ. ನಾಗವೇಣಿ ನೋಡಿದಳು. ತುದಿಯಿಂದ ಒಂದೊಂದೇ ಮಾಸುತ್ತ ಬಂತು. ತೊಂಬತ್ತೂ ಹೋಯಿತು. ಎಂಬತ್ತೊಂಬತ್ತು ನಿಂತಿತು.

ಅಂದು ಆದದ್ದು ಎಂಬತ್ತೊಂಬತ್ತೇ. ಮತ್ತೆ ಮತ್ತೆ ಎಳೆದರು, ಅವಳು ಹಲ್ಲು ಕಚ್ಚಿ ಅವನ ಭುಜಕ್ಕೆ ಗುದ್ದಿದಳು, ಅದಕ್ಕಿಂತ ಮುಂದೆ ಹೋಗಲಿಲ್ಲ. ಕತ್ತಲಾಗುವ ಮುಂಚೆ ನಾನು ಎದ್ದು ಬಂದೆ. ನಾನು ಹೊರಟದ್ದನ್ನು ಸಾಕಮ್ಮನ ಹೊರತು ಯಾರೂ ಗಮನಿಸಲಿಲ್ಲ.

ಆ ಶುಕ್ರವಾರದ ಅಧ್ಯಾಯವನ್ನು ಬರೆಯಲು ನಾನು ಇಡೀ ದಿನ ತೆಗೆದುಕೊಂಡೆ. ಎರಡು ಡಿಗ್ರಿ ಮುಂದೆ ಹೋಗುವ ಧೈರ್ಯವಾಗಲಿಲ್ಲ. ಇನ್ನೊಂದು ಸಲ ತೊಂಬತ್ತು ಎಂದು ಬರೆದು ಅದು ಮಾಸಿದ್ದನ್ನು ನೋಡುವ ಶಕ್ತಿ ನನಗಿರಲಿಲ್ಲ. ಆದದ್ದನ್ನು ಆದ ಹಾಗೇ ಬರೆದೆ. ಹುಡುಗ ಬಂದ. ಕೂಗಿದ್ದು ಕೇಳಿಸಲಿಲ್ಲ ಎಂದಳು. ನಕ್ಕರು. ಟವೆಲು ಹಿಡಿದರು. ಎಂಬತ್ತೊಂಬತ್ತು. ಕೊನೆಗೆ, ಸುಳ್ಳು ಆಸೆ ಕೊಡಬಾರದೆಂದು, ನಾನೇ ಹೆದರಿದ್ದನ್ನು ಮಾಲಿನಿಯ ಮೇಲೆ ಹೊರಿಸಿದೆ: 'ಇದಕ್ಕಿಂತ ಮುಂದೆ ಈ ಕಾಲು ಹೋಗುವುದಿಲ್ಲವೇನೋ ಎಂದು ಮಾಲಿನಿಗೆ ಅನಿಸಿತು.' ಮಡಿಚಿ ಸಾಕಮ್ಮನ ಕೈಗೆ ಕೊಟ್ಟೆ.

ಶನಿವಾರ ಹಾಳೆಗಳು ಬರಲಿಲ್ಲ. ಸೋಮವಾರವೂ ಇಲ್ಲ. ಹಾಸ್ಟೆಲಿನಲ್ಲಿ ಯಾವುದೋ ತಪಾಸಣೆಯಂತೆ, ಸಾಕಮ್ಮ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ನಾನು ಹೊಸ ಅಧ್ಯಾಯಕ್ಕೆ ಕೈ ಹಾಕಲಿಲ್ಲ. ಡಾಕ್ಟರು ಕೊಟ್ಟ ಗಡುವಿಗೆ ಎಂಟೇ ದಿನ ಉಳಿದಿತ್ತು. ಪಟ್ಟಿಗಳನ್ನು ತಪ್ಪು ತಪ್ಪಾಗಿ ಟೈಪು ಮಾಡಿದೆ, ಒಂದರಲ್ಲಿ ಫಿಸಿಕ್ಸ್ ಮೇಷ್ಟರ ಹೆಸರನ್ನೇ ಹಾಜರಾತಿ ಕೊರತೆಗೆ ಸೇರಿಸಿಬಿಟ್ಟಿದ್ದೆ.

ಮಂಗಳವಾರ ಬೆಳಿಗ್ಗೆ ಬಂದು ನೋಡಿದರೆ ಹಾಳೆಗಳು ನನ್ನ ಮೇಜಿನ ಮೇಲಿದ್ದವು. ನಿಂತುಕೊಂಡೇ ತಿರುವಿದೆ. ಹುಡುಗ ಬಂದದ್ದು ಇತ್ತು. ನಕ್ಕದ್ದು, ಟವೆಲು, ಭುಜಕ್ಕೆ ಬಿದ್ದ ಗುದ್ದು, ಎಂಬತ್ತೊಂಬತ್ತು, ಎಲ್ಲವೂ ಇದ್ದವು. ಕೊನೆಯ ಸಾಲು ಮಾತ್ರ ಇರಲಿಲ್ಲ. ಈ ಕಾಲು ಮುಂದೆ ಹೋಗುವುದಿಲ್ಲವೇನೋ ಎಂಬುದನ್ನು ನಾಗವೇಣಿ ನಂಬಿರಲಿಲ್ಲ. ಆ ಖಾಲಿ ಜಾಗದಲ್ಲಿ, ಪೆನ್ಸಿಲಿನಲ್ಲಿ, ಅವಸರದ ಅಕ್ಷರದಲ್ಲಿ ಅವಳೇ ಬರೆದಿದ್ದಳು:

'ತೊಂಬತ್ತೆರಡು. ನೀವು ಹಿಂದೆ ಬಿದ್ದಿದೀರ ಮೇಡಂ. ಬೇಗ ಬರೀರಿ.'